ತೆನೆ ಎಣಿಸದೆ ಬೆಲೆ ಮಾತಾಡಬೇಡಿ

ಮುಸುಕಿನ ಜೋಳದ ಹೊಲ ಹಾಲುಗಾಳಿಗೆ ಬಂದ ಕೂಡಲೆ ಬದುವಿನ ಮೇಲೆ ನಿಂತು ಇಳುವರಿಯ ಅಂದಾಜು ಹೇಳುವವರಿಗೆ ಕೊರತೆಯಿರುವುದಿಲ್ಲ. ಬೀಜ, ಗೊಬ್ಬರ ಸಾಲ ಕೊಟ್ಟ ವರ್ತಕರು ಬಂದು ನೋಡಿ “ಎಕರೆಗೆ ಹದಿನೈದು ಕ್ವಿಂಟಾಲಿನ ಮೇಲೆ ಬಾರದು” ಎನ್ನುತ್ತಾರೆ. ಬೀಜ ಮಾರಿದವರು ಅದೇ ಹೊಲವನ್ನು ನೋಡಿ “ಮೂವತ್ತಕ್ಕೆ ಮೋಸವಿಲ್ಲ” ಎನ್ನುತ್ತಾರೆ. ಪಕ್ಕದ ಹೊಲದವರು ತಮ್ಮ ಬೆಳೆಗಿಂತ ಒಂದು ಕ್ವಿಂಟಾಲ್ ಕಡಿಮೆ ಹೇಳಿ ಮುಂದೆ ಹೋಗುತ್ತಾರೆ. ಹೊಲದ ಯಜಮಾನರು ಮಾತ್ರ “ಕಣಕ್ಕೆ ಬಂದ ಮೇಲೆ ನೋಡಿದರಾಯಿತು” ಎಂದು ಸುಮ್ಮನಿರುತ್ತಾರೆ. ರೈತ ಬಾಂಧವರೇ, ಬೆಳೆದವರೊಬ್ಬರನ್ನು ಬಿಟ್ಟು ಉಳಿದೆಲ್ಲರೂ ಲೆಕ್ಕ ಹಾಕುವ ಈ ಪದ್ಧತಿ ನಿಲ್ಲಬೇಕೆಂಬುದು ನನ್ನ ಸ್ಪಷ್ಟವಾದ ಅಭಿಪ್ರಾಯ.

ಇದು ಬರೀ ಕುತೂಹಲದ ಮಾತಲ್ಲ, ಹಣದ ಮಾತು. ನಾಲ್ಕು ಎಕರೆ ಹೊಲ ನಿಮ್ಮದೆಂದುಕೊಳ್ಳಿ. ವರ್ತಕರು ಎಕರೆಗೆ ಮೂರು ಕ್ವಿಂಟಾಲ್ ಕಡಿಮೆ ಹಿಡಿದು ನಿಂತ ಬೆಳೆಗೆ ಒಟ್ಟಾರೆ ಬೆಲೆ ಕಟ್ಟಿದರೆ ಹನ್ನೆರಡು ಕ್ವಿಂಟಾಲ್ ನಿಮ್ಮ ಲೆಕ್ಕದಿಂದ ಹೊರಗೆ ಹೋಯಿತು. ಕ್ವಿಂಟಾಲಿಗೆ 2,000 ರೂಪಾಯಿಯಂತೆ ಹಿಡಿದರೂ 24,000 ರೂಪಾಯಿ. ಎಷ್ಟೋ ಮನೆಗಳಲ್ಲಿ ಇದು ಆ ಬೆಳೆಗೆ ಹಾಕಿದ ಬೀಜ ಗೊಬ್ಬರದ ಖರ್ಚಿಗೆ ಸಮನಾದ ಹಣ. ಬೆಲೆಯನ್ನು ಹತೋಟಿಯಲ್ಲಿಡುವುದು ನಿಮ್ಮ ಕೈಯಲ್ಲಿಲ್ಲ. 2025–26ರ ಮುಂಗಾರಿಗೆ ಕೇಂದ್ರ ಸರಕಾರ ಮೆಕ್ಕೆಜೋಳಕ್ಕೆ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ, 2025ರ ನವೆಂಬರಿನಲ್ಲಿ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು ರೈತರು ರಸ್ತೆಗಿಳಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಹೊಲದಲ್ಲಿ ಎಷ್ಟು ಮಾಲು ನಿಂತಿದೆ ಎಂಬುದನ್ನು ತಿಳಿಯುವುದು ನಿಮ್ಮ ಕೈಯಲ್ಲಿಯೇ ಇದೆ. ಅದಕ್ಕೆ ಬೇಕಾದ್ದು ಒಂದು ಹಗ್ಗ, ಒಂದು ನೋಟು ಪುಸ್ತಕ ಮತ್ತು ಅರ್ಧ ದಿನ.

“ತೆನೆ ಎಣಿಸಿದರೆ ಬೆಳೆಗೆ ದೃಷ್ಟಿಯಾಗುತ್ತದೆ” ಎಂದು ಹಿರಿಯರು ಕೆಲವೆಡೆ ಹೇಳುವುದುಂಟು. ಅವರೊಡನೆ ವಾದಕ್ಕಿಳಿಯುವುದು ಬೇಡ. ವರ್ತಕರು ದಿನವೂ ಹತ್ತು ಹೊಲ ನೋಡಿ ಮನಸ್ಸಿನಲ್ಲೇ ಎಣಿಸುತ್ತಿದ್ದಾರೆ, ಆ ದೃಷ್ಟಿಗಿಂತ ನಿಮ್ಮ ದೃಷ್ಟಿ ಕೆಟ್ಟದ್ದೇನಲ್ಲ ಎಂದರೆ ಸಾಕು.

ಕಣ್ಣಂದಾಜು ನಮ್ಮಲ್ಲಿ ಹಳೆಯ ವಿದ್ಯೆ. ಕಂದಾಯ ಇಲಾಖೆಯ ಆಣೆವಾರಿ ಅದರ ಮೇಲೆಯೇ ನಿಂತಿತ್ತು. ಹದಿನಾರಾಣೆ ಬೆಳೆ, ಎಂಟಾಣೆ ಬೆಳೆ, ನಾಲ್ಕಾಣೆ ಬೆಳೆ ಎಂಬ ಮಾತು ಇಂದಿಗೂ ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಅನುಭವಸ್ಥರ ಕಣ್ಣನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಣ್ಣಿಗೆ ಒಂದು ಹುಟ್ಟುಗುಣವಿದೆ. ಅದು ಒಳ್ಳೆಯ ಬೆಳೆಯನ್ನು ಇರುವುದಕ್ಕಿಂತ ಕಡಿಮೆಯೆಂದೂ ಕೆಟ್ಟ ಬೆಳೆಯನ್ನು ಇರುವುದಕ್ಕಿಂತ ಹೆಚ್ಚೆಂದೂ ಹೇಳುತ್ತದೆ. ಎಲ್ಲವನ್ನೂ ನಡುಮಟ್ಟಕ್ಕೆ ಎಳೆದು ತರುತ್ತದೆ. ಹಾಗಾಗಿ ಒಳ್ಳೆಯ ಬೆಳೆ ತೆಗೆದವರು ಮಾರುವಾಗ ನಷ್ಟಕ್ಕೆ ಒಳಗಾಗುತ್ತಾರೆ, ಬೆಳೆ ಕೆಟ್ಟವರು ಪರಿಹಾರ ಕೇಳುವಾಗ ನಷ್ಟಕ್ಕೆ ಒಳಗಾಗುತ್ತಾರೆ. ಕಣ್ಣಂದಾಜಿನ ಈ ದೋಷವನ್ನು ಕಂಡೇ ನಮ್ಮ ದೇಶದ ಸಂಖ್ಯಾಶಾಸ್ತ್ರಜ್ಞರು 1940ರ ದಶಕದಲ್ಲಿ ಹೊಲದಲ್ಲಿ ಅಳತೆಯ ತಾಕು ಹಾಕಿ, ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗದ ಪದ್ಧತಿಯನ್ನು ಬೆಳೆಸಿದರು.

ಮುಸುಕಿನ ಜೋಳ ಎನ್ನಿ, ಗೋವಿನ ಜೋಳ ಎನ್ನಿ, ಈ ಬೆಳೆಗೆ ಇರುವ ಒಂದು ಅನುಕೂಲ ರಾಗಿಗಾಗಲಿ ಭತ್ತಕ್ಕಾಗಲಿ ಇಲ್ಲ. ಇದರ ತೆನೆ ದೊಡ್ಡದು, ಗಿಡಕ್ಕೆ ಸಾಮಾನ್ಯವಾಗಿ ಒಂದೇ, ಕಾಳುಗಳು ಸಾಲುಸಾಲಾಗಿ ಜೋಡಿಸಿಕೊಂಡಿರುತ್ತವೆ. ಆದ್ದರಿಂದ ಕೊಯ್ಯದೆಯೇ ಎಣಿಸಬಹುದು. ಎಕರೆಯಲ್ಲಿ ಎಷ್ಟು ತೆನೆ, ತೆನೆಯಲ್ಲಿ ಎಷ್ಟು ಕಾಳು, ಕಾಳಿನ ತೂಕವೆಷ್ಟು, ಈ ಮೂರನ್ನು ಗುಣಿಸಿದರೆ ಇಳುವರಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದವರು ರೂಢಿಗೆ ತಂದ ಈ ವಿಧಾನವನ್ನು ಅಲ್ಲಿನ ರೈತರು ಬಹುಕಾಲದಿಂದ ಬಳಸುತ್ತಿದ್ದಾರೆ. ಅವರ ಲೆಕ್ಕ ಬುಷೆಲ್‌ಗಳಲ್ಲಿದೆ. ನಮಗೆ ಬೇಕಾದ್ದು ಕ್ವಿಂಟಾಲ್. ಹಾಗಾಗಿ ಇಲ್ಲಿ ನಮ್ಮ ಎಕರೆಗೆ, ನಮ್ಮ ಸಾಲಿಗೆ ಹೊಂದಿಸಿ ಬರೆಯುತ್ತಿದ್ದೇನೆ.

ಕೂದಲು ಹೊರಬಂದ ಸುಮಾರು ಮೂರು ವಾರಕ್ಕೆ ಕಾಳಿನಲ್ಲಿ ಹಾಲು ತುಂಬುತ್ತದೆ. ಅದಕ್ಕೆ ಮೊದಲು ಎಣಿಸಬೇಡಿ. ಏಕೆಂದರೆ ಅಲ್ಲಿಯವರೆಗೆ ಮಳೆ ಕೈಕೊಟ್ಟರೆ ತೆನೆಯ ತುದಿಯ ಎಳೆಗಾಳುಗಳು ಜೊಳ್ಳಾಗಿ ಉಳಿದುಬಿಡುತ್ತವೆ. ಹಾಲು ತುಂಬಿದ ಮೇಲೆ ಕಾಳಿನ ಸಂಖ್ಯೆ ಬಹುಮಟ್ಟಿಗೆ ನಿಂತಂತೆ. ಮುಂದೆ ಹೆಚ್ಚು ಕಡಿಮೆಯಾಗುವುದು ಕಾಳಿನ ತೂಕ ಮಾತ್ರ.

ಇನ್ನು ಹಗ್ಗದ ವಿಚಾರ. ಎಕರೆಯ ಸಾವಿರದಲ್ಲಿ ಒಂದು ಪಾಲು ಎಂದರೆ ಸುಮಾರು 4.05 ಚದರ ಮೀಟರ್. ಇದನ್ನು ಸಾಲಿನಿಂದ ಸಾಲಿಗೆ ಇರುವ ಅಂತರದಿಂದ ಭಾಗಿಸಿದರೆ ಒಂದೇ ಸಾಲಿನಲ್ಲಿ ಎಷ್ಟು ಉದ್ದ ಅಳೆಯಬೇಕೆಂಬುದು ಸಿಗುತ್ತದೆ. ಅಂತರ 60 ಸೆಂ.ಮೀ. ಇದ್ದರೆ ಹಗ್ಗದ ಉದ್ದ 6 ಮೀಟರ್ 74 ಸೆಂ.ಮೀ., ಅಂದರೆ 22 ಅಡಿ 1 ಅಂಗುಲ. 75 ಸೆಂ.ಮೀ. ಇದ್ದರೆ 5 ಮೀಟರ್ 40 ಸೆಂ.ಮೀ. 45 ಸೆಂ.ಮೀ. ಇದ್ದರೆ 9 ಮೀಟರ್. ಅಷ್ಟು ಉದ್ದದ ಸಾಲಿನಲ್ಲಿ 20 ತೆನೆ ಇದ್ದರೆ ಎಕರೆಗೆ 20,000 ತೆನೆ ಎಂದು ನೇರವಾಗಿ ತಿಳಿಯಿರಿ.

ಇಲ್ಲಿ ಒಂದು ಎಚ್ಚರ ಅಗತ್ಯ. ಬಿತ್ತುವಾಗ ಹೇಳಿದ ಅಂತರ ಬೇರೆ, ಹೊಲದಲ್ಲಿ ಇರುವ ಅಂತರ ಬೇರೆ. ಕೂರಿಗೆ ಸರಿದಿರಬಹುದು, ಟ್ರ್ಯಾಕ್ಟರಿನ ತಾಳುಗಳನ್ನು ಹಿಂದಿನ ಬೆಳೆಗೆ ಹೊಂದಿಸಿದ್ದು ಹಾಗೆಯೇ ಉಳಿದಿರಬಹುದು. ಆದ್ದರಿಂದ ಹನ್ನೊಂದು ಸಾಲುಗಳನ್ನು ಅಡ್ಡಲಾಗಿ ಅಳೆದು, ನಡುವಿನ ಹತ್ತು ಅಂತರಗಳಿಂದ ಭಾಗಿಸಿ. ಸಾಲಿನ ಅಂತರ 65 ಸೆಂ.ಮೀ. ಇದ್ದದ್ದನ್ನು 60 ಎಂದು ನಂಬಿ ಹಗ್ಗ ಕಟ್ಟಿದರೆ ಅಂದಾಜು ನೂರಕ್ಕೆ ಎಂಟರಷ್ಟು ಹೆಚ್ಚು ಬರುತ್ತದೆ. ಐದು ಸೆಂಟಿಮೀಟರಿಗೆ ಎಕರೆಗೆ ಒಂದೂವರೆ ಕ್ವಿಂಟಾಲಿನಷ್ಟು ತಪ್ಪು!

ಎಣಿಸಬೇಕಾದ್ದು ಗಿಡವನ್ನಲ್ಲ, ಕಾಳು ಕಟ್ಟಿದ ತೆನೆಯನ್ನು. ಬಂಜೆ ಗಿಡ ಬಿಡಿ. ಒಂದೇ ಗಿಡದಲ್ಲಿ ಎರಡನೆಯ ತೆನೆ ಇದ್ದು ಅದರಲ್ಲಿ ಕಾಳು ಕಟ್ಟಿದ್ದರೆ ಮಾತ್ರ ಸೇರಿಸಿ. ಹಗ್ಗದ ಆರಂಭವನ್ನು ಗಿಡದ ಬುಡಕ್ಕೆ ಹಿಡಿಯಬೇಡಿ, ಎರಡು ಗಿಡಗಳ ನಡುಮಧ್ಯಕ್ಕೆ ಹಿಡಿಯಿರಿ. ಕೊನೆಯಲ್ಲಿ ಗಿಡ ಹಗ್ಗದ ತುದಿಯ ಮೇಲೆಯೇ ನಿಂತರೆ ಒಂದು ಕಡೆ ಸೇರಿಸಿ, ಮುಂದಿನ ಕಡೆ ಬಿಡಿ. ಇದು ಹುಚ್ಚು ಸೂಕ್ಷ್ಮವಲ್ಲ. ಇಪ್ಪತ್ತರಲ್ಲಿ ಒಂದು ತೆನೆ ಹೆಚ್ಚಿಗೆ ಬಂದರೆ ಎಕರೆಗೆ ಸುಮಾರು ಒಂದು ಕ್ವಿಂಟಾಲ್ ಹೆಚ್ಚಿಗೆ ಬಂದಂತೆ. ಡಾ. ಪಿ. ವಿ. ಸುಖಾತ್ಮೆ ಅವರು ಗೋಧಿಯ ಹೊಲಗಳಲ್ಲಿ ತೋರಿಸಿಕೊಟ್ಟದ್ದೂ ಇದನ್ನೇ. ಅಳತೆಯ ತಾಕು ಸಣ್ಣದಾದಷ್ಟೂ ಅಂಚಿನ ಗಿಡಗಳನ್ನು ಒಳಗೆ ಸೇರಿಸುವ ಕೈಯ ಚಪಲ ಹೆಚ್ಚು ಪರಿಣಾಮ ಮಾಡಿ, ಇಳುವರಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಹಗ್ಗವನ್ನು ಎಲ್ಲಿ ಹಾಸಬೇಕು? ಈ ಪ್ರಶ್ನೆಗೆ ಕೊಡುವ ಉತ್ತರದಲ್ಲಿಯೇ ಅಂದಾಜು ಕೆಡುವುದು ಅಥವಾ ಉಳಿಯುವುದು. ದಾರಿಯ ಪಕ್ಕದ ನಾಲ್ಕು ಸಾಲು ನೋಡಿ ಇಡೀ ಹೊಲಕ್ಕೆ ತೀರ್ಪು ಕೊಡುವುದು ಸುಲಭ. ಬದುವಿನಂಚಿನ ಗಿಡಗಳಿಗೆ ಬಿಸಿಲು ಹೆಚ್ಚು, ತಿಪ್ಪೆಯ ಕಡೆಯ ಗಿಡಗಳಿಗೆ ಗೊಬ್ಬರ ಹೆಚ್ಚು, ತಗ್ಗಿನಲ್ಲಿ ನೀರು ನಿಂತು ಹಳದಿ ತಿರುಗಿದ ಗಿಡಗಳ ಕಡೆ ನಮ್ಮ ಕಾಲೇ ಹೋಗುವುದಿಲ್ಲ. ಕಲ್ಲು ಬೀಸಿ ಬಿದ್ದಲ್ಲಿ ಅಳೆಯುವುದೂ ಸರಿಯಲ್ಲ, ಕೈ ಒಳ್ಳೆಯ ಬೆಳೆಯ ಕಡೆಗೇ ಬೀಸುತ್ತದೆ. ನಾನು ಹೇಳುವ ಉಪಾಯ ಸರಳ. ಜೇಬಿನಿಂದ ಒಂದು ನೋಟು ತೆಗೆಯಿರಿ. ಅದರ ಸಂಖ್ಯೆಯ ಕೊನೆಯ ಎರಡು ಅಂಕೆ 37 ಎಂದಿದ್ದರೆ ಹೊಲದ ಮೂಲೆಯಿಂದ ಬದುಗುಂಟ 37 ಹೆಜ್ಜೆ ನಡೆಯಿರಿ. ಇನ್ನೊಂದು ನೋಟಿನಲ್ಲಿ 52 ಇದ್ದರೆ ಅಲ್ಲಿಂದ 52 ಹೆಜ್ಜೆ ಒಳಕ್ಕೆ ನಡೆಯಿರಿ. ಕಾಲು ನಿಂತಲ್ಲಿ ಹಗ್ಗ. ಅಲ್ಲಿ ಬೆಳೆ ಚೆನ್ನಾಗಿರಲಿ, ಕೆಟ್ಟಿರಲಿ, ಜಾಗ ಬದಲಿಸಬಾರದು. ಹೀಗೆ ಒಂದು ಹೊಲಕ್ಕೆ ಐದು ಕಡೆಗೆ ಕಡಿಮೆಯಿಲ್ಲದೆ ಅಳೆಯಿರಿ. ಕೆಂಪು ಭೂಮಿ, ಎರೆ ಭೂಮಿ ಎರಡೂ ಒಂದೇ ಹೊಲದಲ್ಲಿದ್ದರೆ ಎರಡಕ್ಕೂ ಬೇರೆ ಬೇರೆ ಲೆಕ್ಕವಿಡಿ.

ಹಗ್ಗದ ಉದ್ದದಲ್ಲಿ ತೆನೆ ಎಣಿಸಿದ ಮೇಲೆ ಪ್ರತಿ ಐದನೆಯ ತೆನೆಯ ಸಿಪ್ಪೆ ಸುಲಿದು ನೋಡಿ. ದಪ್ಪನೆಯದನ್ನು ಹುಡುಕಬೇಡಿ, ಐದನೆಯದು ಗಿಡ್ಡವಿದ್ದರೆ ಗಿಡ್ಡವೇ ಸರಿ. ಸುತ್ತಲೂ ಎಷ್ಟು ಸಾಲು ಕಾಳಿದೆ ಎಣಿಸಿ. ಮುಸುಕಿನ ಜೋಳದ ತೆನೆಯಲ್ಲಿ ಸಾಲುಗಳು 12, 14, 16 ಹೀಗೆ ಸಮಸಂಖ್ಯೆಯಲ್ಲಿಯೇ ಇರುತ್ತವೆ. ನಿಮ್ಮ ಎಣಿಕೆ 13 ಎಂದು ಬಂದರೆ ಇನ್ನೊಮ್ಮೆ ಎಣಿಸಿ. ನಂತರ ಒಂದು ಸಾಲಿನಲ್ಲಿ ಬುಡದಿಂದ ತುದಿಯವರೆಗೆ ಎಷ್ಟು ಕಾಳಿದೆ ನೋಡಿ. ತುದಿಯಲ್ಲಿ ಅರ್ಧಕ್ಕಿಂತ ಸಣ್ಣದಾಗಿ ಉಳಿದ ಕಾಳನ್ನು ಲೆಕ್ಕಕ್ಕೆ ಹಿಡಿಯಬೇಡಿ. 14 ಸಾಲು, ಸಾಲಿಗೆ 32 ಕಾಳು ಎಂದರೆ ತೆನೆಗೆ 448 ಕಾಳು.

ತೆನೆಗಳ ಸಂಖ್ಯೆಯನ್ನು ಕಾಳುಗಳ ಸರಾಸರಿಯಿಂದ ಗುಣಿಸಿ, 400ರಿಂದ ಭಾಗಿಸಿ. ಬರುವುದೇ ಎಕರೆಗೆ ಕ್ವಿಂಟಾಲ್.

ಐದು ಕಡೆಯ ಲೆಕ್ಕವನ್ನು ಮಾಡಿ ತೋರಿಸುತ್ತೇನೆ. ಮೊದಲ ಕಡೆ 21 ತೆನೆ, ತೆನೆಗೆ 430 ಕಾಳು, ಗುಣಿಸಿದರೆ 9,030. ಎರಡನೆಯ ಕಡೆ 18 ಮತ್ತು 400, ಬಂದದ್ದು 7,200. ಮೂರನೆಯದು 20 ಮತ್ತು 448, ಬಂದದ್ದು 8,960. ನಾಲ್ಕನೆಯದು ತಗ್ಗು ಜಾಗ, 16 ಮತ್ತು 380, ಬಂದದ್ದು 6,080. ಐದನೆಯದು 22 ಮತ್ತು 420, ಬಂದದ್ದು 9,240. ಐದರ ಸರಾಸರಿ 8,102. ಇದನ್ನು 400ರಿಂದ ಭಾಗಿಸಿದರೆ ಎಕರೆಗೆ ಇಪ್ಪತ್ತು ಕ್ವಿಂಟಾಲಿಗೆ ಸ್ವಲ್ಪ ಮೇಲೆ. ಇದೇ ಹೊಲದಲ್ಲಿ ಒಂದನೆಯ ಮತ್ತು ಐದನೆಯ ಜಾಗವನ್ನಷ್ಟೇ ನೋಡಿ ಬಂದಿದ್ದರೆ ಸುಮಾರು ಇಪ್ಪತ್ತಮೂರು ಎನ್ನುತ್ತಿದ್ದಿರಿ. ನಾಲ್ಕನೆಯದರ ಬಳಿ ನಿಂತ ವರ್ತಕರು ಹದಿನೈದು ಎನ್ನುತ್ತಿದ್ದರು. ಇಬ್ಬರೂ ಸುಳ್ಳು ಹೇಳಿದಂತಾಗುವುದಿಲ್ಲ, ಇಬ್ಬರೂ ಹೊಲದ ಒಂದೊಂದು ಮೂಲೆಯನ್ನು ಕಂಡು ಇಡೀ ಹೊಲದ ಮಾತಾಡಿದರು, ಅಷ್ಟೆ.

ಈ 400 ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ನಿಮಗಿದೆ. ಒಣಗಿದ ಸಾವಿರ ಕಾಳು 250 ಗ್ರಾಂ ತೂಗುತ್ತದೆ ಎಂದು ಹಿಡಿದರೆ ಭಾಜಕ 400 ಆಗುತ್ತದೆ. ಕಾಳು ತುಂಬುವ ಕಾಲದಲ್ಲಿ ಒಳ್ಳೆಯ ಮಳೆ, ಬಿಸಿಲು ಎರಡೂ ಸಿಕ್ಕಿ ಸಾವಿರ ಕಾಳು 300 ಗ್ರಾಂ ತೂಗಿದರೆ ಭಾಜಕ ಸುಮಾರು 330. ಮಳೆ ಹೋಗಿ ಕಾಳು ಸೊರಗಿ 200 ಗ್ರಾಮಿಗೆ ಇಳಿದರೆ 500. ಮೇಲಿನ ಹೊಲವನ್ನೇ ತೆಗೆದುಕೊಂಡರೆ 330ರಂತೆ ಇಪ್ಪತ್ತನಾಲ್ಕೂವರೆ ಕ್ವಿಂಟಾಲ್, 500ರಂತೆ ಹದಿನಾರು. ಎಂಟು ಕ್ವಿಂಟಾಲಿನ ಅಂತರ! ಈ ವಿಧಾನದ ದುರ್ಬಲ ಭಾಗ ಇದೇ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಲುಗಾಳಿನಲ್ಲಿ ಎಣಿಸಿದವರಿಗೆ ಮುಂದಿನ ತಿಂಗಳ ಮಳೆಯ ಸಂಗತಿ ಗೊತ್ತಿರುವುದಿಲ್ಲ. ಆದ್ದರಿಂದ ಆ ಹಂತದಲ್ಲಿ “ಹದಿನಾರರಿಂದ ಇಪ್ಪತ್ತನಾಲ್ಕರೊಳಗೆ, ಹೆಚ್ಚಾಗಿ ಇಪ್ಪತ್ತು” ಎಂದೇ ಬರೆದಿಡಿ. ಒಂದೇ ಸಂಖ್ಯೆ ಹಿಡಿದು ಅದರ ಮೇಲೆ ಸಾಲ ಮಾಡಬೇಡಿ.

ತೆನೆ ಬಲಿತ ಮೇಲೆ ಕಾಳನ್ನು ಕಿತ್ತು ಅದರ ಬುಡ ನೋಡಿ. ಅಲ್ಲಿ ಕಪ್ಪು ಪದರ ಕಂಡರೆ ಕಾಳು ತೂಕ ಕಟ್ಟುವುದು ಮುಗಿಯಿತು. ಆಗ ಎಣಿಸಿದ ತೆನೆಗಳ ಕಾಳನ್ನು ಬಿಡಿಸಿ, ಬೆರೆಸಿ, ಚೆನ್ನಾಗಿ ಒಣಗಿಸಿ, ಸಾವಿರ ಕಾಳು ಎಣಿಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿ. ಒಂದು ಲಕ್ಷವನ್ನು ಆ ಗ್ರಾಮಿನಿಂದ ಭಾಗಿಸಿದರೆ ನಿಮ್ಮ ಹೊಲದ, ನಿಮ್ಮ ತಳಿಯ ಭಾಜಕ ಸಿಗುತ್ತದೆ. 270 ಗ್ರಾಂ ತೂಗಿದರೆ 370. ಇದು ಊಹೆಯಲ್ಲ, ನಿಮ್ಮದೇ ಕಾಳಿನ ತೂಕ. ಹೋದ ವರ್ಷದ ಅದೇ ತಳಿಯ ಕಾಳು ಮನೆಯಲ್ಲಿ ಉಳಿದಿದ್ದರೆ ಇಂದೇ ತೂಗಿ ನೋಡಬಹುದು.

ತೇವದ ಲೆಕ್ಕವನ್ನೂ ಇದರ ಜೊತೆಗೆ ಕಲಿತುಕೊಳ್ಳುವುದು ಒಳಿತು. ಕಪ್ಪು ಪದರ ಕಾಣುವಾಗ ಕಾಳಿನಲ್ಲಿ ನೂರಕ್ಕೆ 30ರಿಂದ 35ರಷ್ಟು ನೀರಿರುತ್ತದೆ. ಖರೀದಿಗೆ ಬೇಕಾದ್ದು 14. ಶೇಕಡ 25 ತೇವವಿರುವ 20 ಕ್ವಿಂಟಾಲ್ ಕಾಳನ್ನು 14ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು ಹದಿನೇಳೂವರೆ ಕ್ವಿಂಟಾಲ್. ಎರಡೂವರೆ ಕ್ವಿಂಟಾಲ್ ಯಾರೂ ಕದ್ದಿಲ್ಲ, ಬಿಸಿಲು ಕುಡಿಯಿತು. ಆದರೆ ಶೇಕಡ 20 ತೇವವಿರುವ ಮಾಲಿಗೆ ನ್ಯಾಯವಾದ ಕಡಿತ ಕ್ವಿಂಟಾಲಿಗೆ 7 ಕೆ.ಜಿ. ಮಾತ್ರ. ಹತ್ತು ಕೆ.ಜಿ. ಮುರಿದುಕೊಂಡರೆ ಉಳಿದ ಮೂರು ಕೆ.ಜಿ. ಯಾವ ಲೆಕ್ಕದಲ್ಲಿ ಎಂದು ವಿನಯದಿಂದಲೇ ಕೇಳಿ. ಲೆಕ್ಕ ಗೊತ್ತಿರುವ ರೈತರ ಮುಂದೆ ತಕ್ಕಡಿ ಹಿಡಿಯುವವರ ಮಾತಿನ ಧಾಟಿಯೇ ಬದಲಾಗುವುದನ್ನು ನಾನು ಮಾರುಕಟ್ಟೆಗಳಲ್ಲಿ ಕಂಡಿದ್ದೇನೆ.

ಬೆಳೆ ವಿಮೆ ಮಾಡಿಸಿದವರಿಗೆ ಇನ್ನೊಂದು ಮಾತು. 2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟ ತೀರ್ಮಾನವಾಗುವುದು ನಿಮ್ಮ ಹೊಲ ನೋಡಿ ಅಲ್ಲ, ಗ್ರಾಮ ಪಂಚಾಯಿತಿ ಅಥವಾ ಹೋಬಳಿಯಂಥ ಇಡೀ ಘಟಕದ ಸರಾಸರಿ ನೋಡಿ. ಗ್ರಾಮ ಪಂಚಾಯಿತಿಯೇ ಘಟಕವಾದರೆ ಒಂದು ಬೆಳೆಗೆ ಕನಿಷ್ಠ ನಾಲ್ಕು ಕಟಾವು ಪ್ರಯೋಗಗಳು. ಕಳೆದ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯನ್ನು ನಷ್ಟಭರ್ತಿಯ ಮಟ್ಟದಿಂದ ಗುಣಿಸಿ ಪ್ರಾರಂಭಿಕ ಇಳುವರಿಯನ್ನು ಗೊತ್ತು ಮಾಡಿರುತ್ತಾರೆ. ಪ್ರಯೋಗದ ಸರಾಸರಿ ಅದಕ್ಕಿಂತ ಕೆಳಗಿಳಿದರೆ ಪರಿಹಾರ, ಇಲ್ಲವಾದರೆ ಇಲ್ಲ. ನಾಲ್ಕೇ ತಾಕುಗಳಾದ್ದರಿಂದ ಒಂದರಲ್ಲಿ ಅಂಚಿನ ಸಾಲೊಂದು ಒಳಗೆ ಸೇರಿದರೂ ಇಡೀ ಪಂಚಾಯಿತಿಯ ಸರಾಸರಿ ಏರುತ್ತದೆ, ಪರಿಹಾರ ಇಳಿಯುತ್ತದೆ. ಹೀಗಿರುವಾಗ ಪ್ರಯೋಗ ನಡೆಯುವ ದಿನ ಊರಿನವರು ಯಾರೂ ಹೊಲದ ಹತ್ತಿರ ಇರದಿರುವುದು ನನಗೆ ಸರಿಕಾಣುವುದಿಲ್ಲ. ಜಗಳಕ್ಕೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಅಳತೆ ಕಲಿತ ನಾಲ್ವರು ನಿಂತು ನೋಡಿದರೆ ಪ್ರಯೋಗ ಮಾಡುವವರಿಗೂ ಅನುಕೂಲ. ಅವರಿಗೂ ಅಂದು ನಾಲ್ಕಾರು ಹಳ್ಳಿ ಸುತ್ತುವುದಿರುತ್ತದೆ. ಅಷ್ಟೇ ಅಲ್ಲ, ನಿಮ್ಮ ಕಡೆಯ ಹತ್ತು ಹೊಲಗಳ ಅಂದಾಜು ನಿಮ್ಮ ಬಳಿ ಬರಹದಲ್ಲಿದ್ದರೆ, ಫಲಿತಾಂಶ ತೀರ ಬೇರೆಯಾಗಿ ಬಂದಾಗ ಅರ್ಜಿಯ ಜೊತೆ ತೋರಿಸಲು ಏನಾದರೂ ಇರುತ್ತದೆ.

ಉಪಗ್ರಹದ ಚಿತ್ರಗಳಿಂದಲೇ ಇಳುವರಿ ಹೇಳುವ ಕಾಲ ಬಂದಿದೆ, ಹಗ್ಗ ಏಕೆ ಎಂದು ಓದಿದ ಹುಡುಗರು ಕೇಳಬಹುದು. ಆ ವಿದ್ಯೆಯ ಬಗ್ಗೆ ನನಗೆ ಗೌರವವಿದೆ, ದೊಡ್ಡ ಪ್ರದೇಶದ ಚಿತ್ರಕ್ಕೆ ಅದು ಬೇಕು. ಆದರೆ ಮೇಲಿನಿಂದ ಕಾಣುವುದು ಎಲೆಯ ಹಸಿರು, ಸಿಪ್ಪೆಯೊಳಗಿನ ಕಾಳಲ್ಲ. ನಮ್ಮ ಕಣ್ಣೂ ಹಾಗೆಯೇ ಮೋಸಹೋಗುತ್ತದೆ. 2018ರಲ್ಲಿ ಸೈನಿಕ ಹುಳು ಮೊದಲ ಬಾರಿ ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡಂದಿನಿಂದ ಸುಳಿಯ ಎಲೆಗಳು ಜರಡಿಯಾದ ಹೊಲ ಕಂಡು “ಬೆಳೆ ಹೋಯಿತು” ಎಂದು ಕೈಬಿಟ್ಟು ಅಗ್ಗಕ್ಕೆ ಕೊಟ್ಟವರಿದ್ದಾರೆ. ಹುಳು ಎಲೆ ತಿಂದ ಹೊಲದಲ್ಲಿಯೂ ಸುಳಿ ಉಳಿದಿದ್ದರೆ ತೆನೆ ಕಟ್ಟಿರುವುದುಂಟು. ಎಲೆಗಳು ದಟ್ಟ ಹಸಿರಾಗಿದ್ದೂ ಹೂ ಬಿಡುವಾಗ ಹದಿನೈದು ದಿನ ಮಳೆ ತಪ್ಪಿದ್ದರಿಂದ ತೆನೆಯಲ್ಲಿ ಅರ್ಧಕ್ಕರ್ಧ ಕಾಳು ಕಟ್ಟದೆ ಉಳಿದಿರುವುದೂ ಉಂಟು. ಎಲೆ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ, ಸಿಪ್ಪೆ ಸುಲಿದು ನೋಡಿ.

ಎಣಿಕೆಯಿಂದ ಸಿಗುವ ಇನ್ನೊಂದು ಲಾಭವನ್ನು ಬಹಳ ಮಂದಿ ಗಮನಿಸುವುದಿಲ್ಲ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಬಿತ್ತಿದವರಿಗೆ ಹಗ್ಗದ ಉದ್ದದಲ್ಲಿ 22 ಗಿಡ ಸಿಗಬೇಕು. 17 ತೆನೆ ಮಾತ್ರ ಸಿಕ್ಕಿದರೆ ಉಳಿದ ಐದು ಎಲ್ಲಿ ಹೋದವು? ಬೀಜ ಮೊಳೆಯಲಿಲ್ಲವೇ, ಕೂರಿಗೆ ಬಿಟ್ಟಿತೇ, ಹಂದಿ ಕೆಡವಿತೇ, ಗಿಡವಿದ್ದೂ ಬಂಜೆಯಾಯಿತೇ? ಗೊಬ್ಬರದ ಚೀಲ ಒಂದು ಹೆಚ್ಚು ಹಾಕುವುದಕ್ಕೆ ಮೊದಲು ಈ ಐದು ಗಿಡಗಳ ವಿಚಾರಣೆ ಆಗಬೇಕು. ಎಷ್ಟೋ ಹೊಲಗಳಲ್ಲಿ ಕಡಿಮೆಯಾಗಿರುವುದು ಗೊಬ್ಬರವಲ್ಲ, ಗಿಡ.

ಎಕರೆಯ ಲೆಕ್ಕವನ್ನು ಹೊಲದ ಲೆಕ್ಕಕ್ಕೆ ತಿರುಗಿಸುವಾಗ ಪಹಣಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಪಹಣಿಯಲ್ಲಿ ಎರಡು ಎಕರೆ ಹತ್ತು ಗುಂಟೆ ಇರಬಹುದು. ಬದು, ಗಾಡಿದಾರಿ, ಬೇವಿನ ಮರದ ನೆರಳು ಎಲ್ಲ ಸೇರಿ ಎಂಟು ಗುಂಟೆ ಹೋದರೆ ಬೆಳೆ ಇರುವುದು ಎರಡು ಎಕರೆ ಎರಡು ಗುಂಟೆಯಲ್ಲಿ. ಅದಕ್ಕೇ ಗುಣಿಸಿ. ಗಿಳಿ, ಕಾಡುಹಂದಿ ತಿನ್ನುವುದನ್ನೂ, ಮುರಿಯುವಾಗ ಹೊಲದಲ್ಲಿ ಉಳಿಯುವ ತೆನೆಗಳನ್ನೂ ನಿಮ್ಮ ಅನುಭವದಂತೆ ಕಳೆಯಿರಿ.

ಮೊದಲ ವರ್ಷ ನಿಮ್ಮ ಅಂದಾಜಿಗೂ ಕಣದ ತೂಕಕ್ಕೂ ವ್ಯತ್ಯಾಸ ಬಂದೇ ಬರುತ್ತದೆ. ಅಂದಾಜು 20, ತೂಕ 18 ಎಂದರೆ ಎರಡನ್ನೂ ಪಕ್ಕಪಕ್ಕ ಬರೆದಿಡಿ, ಆ ವರ್ಷದ ಮಳೆಯ ಬಗ್ಗೆ ಒಂದು ಸಾಲು ಸೇರಿಸಿ. ಮೂರು ವರ್ಷ ಬರೆದರೆ ನಿಮ್ಮ ಹೊಲದಲ್ಲಿ ಅಂದಾಜಿನಿಂದ ನೂರಕ್ಕೆ ಎಷ್ಟು ಕಳೆಯಬೇಕೆಂಬುದು ನಿಮಗೇ ತಿಳಿಯುತ್ತದೆ. ಆ ಪುಸ್ತಕ ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಸಿಗುವುದಿಲ್ಲ. ಊರಿನ ಹತ್ತು ಮಂದಿ ಸೇರಿ ಮಾಡಿದರೆ ಒಕ್ಕಣೆ ಯಂತ್ರಕ್ಕೆ ಮುಂಗಡ ಹೇಳುವುದಕ್ಕೂ, ಚೀಲ ತರಿಸುವುದಕ್ಕೂ, ಒಂದು ಲಾರಿ ತುಂಬುತ್ತದೆಯೋ ಎರಡೋ ಎಂದು ಕೊಳ್ಳುವವರೊಡನೆ ಮಾತಾಡುವುದಕ್ಕೂ ಅದೇ ಆಧಾರ.

ಹಗ್ಗದ ಬಗ್ಗೆ ಒಂದು ಮಾತು ಉಳಿಯಿತು. ನೈಲಾನಿನದು ಎಳೆದರೆ ಹಿಗ್ಗುತ್ತದೆ, ನಾರಿನದು ಇಬ್ಬನಿಯಲ್ಲಿ ನೆನೆದರೆ ಕುಗ್ಗುತ್ತದೆ. ನೇರವಾದ ಬಿದಿರಿನ ಗಳ ಸಿಕ್ಕಿದರೆ ಹಗ್ಗದ ಅರ್ಧ ಉದ್ದಕ್ಕೆ ಕತ್ತರಿಸಿಟ್ಟುಕೊಂಡು ಎರಡು ಸಲ ಹಾಸಿ ಅಳೆಯಿರಿ.